ಎರಡು ಆಯುಧಪೂಜೆ ಕಂಡ ಮಷೀನು

ನನ್ನ ಚಿಕ್ಕಪ್ಪ ನನ್ನನ್ನು ಮೊದಲ ಸಲ 'ಸರ್' ಎಂದು ಕರೆದದ್ದು ಒಂದು ಫೋನ್ ಕರೆಯಲ್ಲಿ. ಆ ಕರೆಯ ಮಟ್ಟಿಗೆ ನನ್ನ ನೆನಪು ಗಟ್ಟಿ. ಆಮೇಲೆ ನಡೆದದ್ದನ್ನು ಚಿಕ್ಕಮ್ಮ ಒಂದು ಥರ ಹೇಳುತ್ತಾರೆ, ಚಿಕ್ಕಪ್ಪ ಇನ್ನೊಂದು ಥರ. ನನ್ನ ತಲೆಯಲ್ಲಿರುವುದು ಎರಡೂ ಅಲ್ಲ.

ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಎರಡು ಕೆಲಸ ಬಿಟ್ಟು, ಮೂರನೆಯದಾಗಿ ಸರ್ಕಾರದ ಒಂದು ಕಚೇರಿಗೆ ಗುತ್ತಿಗೆಯ ಮೇಲೆ ಸೇರಿದ್ದೆ. ಯಾವ ರಾಜ್ಯದಲ್ಲಿ ಉದ್ಯಮ ನಡೆಸುವುದು ಸುಲಭ ಎಂದು ದೆಹಲಿಯಿಂದ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಮೇಲಿದ್ದರೆ ಕಂಪನಿಗಳು ನಮ್ಮಲ್ಲಿಗೆ ಬರುತ್ತವೆ, ಕೆಳಗಿದ್ದರೆ ಪಕ್ಕದ ರಾಜ್ಯಕ್ಕೆ ಹೋಗುತ್ತವೆ ಎಂದು ನಮ್ಮ ಕಚೇರಿ ನಂಬಿತ್ತು. ಆ ಸಲ ದೆಹಲಿಯವರು ಅನುಮತಿ ಪಡೆದ ಉದ್ಯಮಿಗಳಿಗೇ ಫೋನ್ ಮಾಡಿ ವಿಚಾರಿಸುವವರಿದ್ದರು. ಅವರಿಗಿಂತ ಮೊದಲು ಆ ಉದ್ಯಮಿಗಳಿಗೆ ಫೋನ್ ಮಾಡುವುದು ನನ್ನ ಕೆಲಸ.

"ಏನು ಉತ್ತರ ಹೇಳ್ಬೇಕು ಅಂತ ಹೇಳ್ಕೊಡ್ಬೇಡಿ," ಎಂದಿದ್ದರು ನಮ್ಮ ಮೇಡಂ. "ಅವರಿಗೆ ಏನೇನು ಸಿಕ್ಕಿದೆ ಅಂತ ನೆನಪು ಮಾಡ್ಕೊಡಿ, ಸಾಕು."

ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ಮೂರನೆಯ ಕೆಲಸವನ್ನೂ ಬಿಟ್ಟೆ ಎಂದು ಮನೆಯಲ್ಲಿ ಹೇಳುವ ಧೈರ್ಯ ಇರಲಿಲ್ಲ.

ಎರಡನೆಯ ವಾರ ಪಟ್ಟಿಯಲ್ಲಿ ಮತ್ತಿಕೆರೆಯ ಒಂದು ವರ್ಕ್‌ಶಾಪಿನ ಹೆಸರು ಬಂತು. ಚಿಕ್ಕಪ್ಪನದು. ಎಂ.ಎ. ಓದುವಾಗ ನಾನು ಇದ್ದದ್ದು ಅದೇ ಕಟ್ಟಡದ ಮಹಡಿಯ ಕೋಣೆಯಲ್ಲಿ. ಕೆಳಗೆ ಎರಡು ಹಳೆಯ ಲೇತ್ ತಿರುಗುತ್ತಿದ್ದರೆ ಮೇಲೆ ನನ್ನ ಹಾಸಿಗೆ ಸಣ್ಣಗೆ ನಡುಗುತ್ತಿತ್ತು. ಈಗಲೂ ತೀರಾ ಸದ್ದಿಲ್ಲದ ಮನೆಯಲ್ಲಿ ನನಗೆ ಬೇಗ ನಿದ್ದೆ ಬರುವುದಿಲ್ಲ.

ನಾನು ಈ ಕೆಲಸಕ್ಕೆ ಸೇರುವ ಹೊತ್ತಿಗೆ ಆ ಲೇತ್‌ಗಳ ಪಕ್ಕ, ಹೂವಿನ ಚಿತ್ರದ ಬೆಡ್‌ಶೀಟ್ ಹೊದ್ದುಕೊಂಡು ಒಂದು ಹೊಸ ಮಷೀನು ಕೂತಿತ್ತು. ಕಂಪ್ಯೂಟರ್ ಹೇಳಿದ ಅಳತೆಗೆ ಲೋಹ ಕೊರೆಯುವಂಥದ್ದು. ಬಾಗಲೂರು ಕಡೆಯ ಒಂದು ಕಂಪನಿ ವಿಮಾನದ ಸಣ್ಣ ಭಾಗಗಳಿಗೆ ಆರ್ಡರ್ ಕೊಡುವುದಾಗಿ ಹೇಳಿದ ಮೇಲೆ ಚಿಕ್ಕಪ್ಪ ಅದನ್ನು ತಂದಿದ್ದರು. ಅದು ಓಡಲು ಕರೆಂಟಿನ ಲೋಡ್ ಹೆಚ್ಚಿಸಬೇಕಿತ್ತು. ಅರ್ಜಿ ಹಾಕಿದರು. ಕಂಪ್ಯೂಟರಿನಲ್ಲಿ 'ಮಂಜೂರಾಗಿದೆ' ಎಂದು ಬೇಗನೆ ಬಂತು. ತಂತಿ ಬರಲಿಲ್ಲ. ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಇನ್ನು ಜಾಗವಿಲ್ಲ ಎಂದರು. ಕೇಳಿಕೊಂಡು ಬರಲು ವಿದ್ಯುತ್ ಕಚೇರಿಗೆ ನಾನೂ ಚಿಕ್ಕಪ್ಪನ ಸ್ಕೂಟರ್ ಹಿಂದೆ ಕೂತು ಮೂರು ಸಲವೋ ನಾಲ್ಕು ಸಲವೋ ಹೋಗಿದ್ದೆ.

ಚಿಕ್ಕಮ್ಮ ಆ ಮಷೀನಿಗೆ ಶುಕ್ರವಾರಗಳಂದು ಕುಂಕುಮ ಇಡುತ್ತಿದ್ದರು. ಒಂದು ದಿನವೂ ತಿರುಗದೆ ಅದು ಎರಡು ಆಯುಧಪೂಜೆ ಕಂಡಿತು. ಎರಡನೆಯ ಪೂಜೆಯಲ್ಲಿ ಬೂದುಗುಂಬಳ ಒಡೆಯುವಾಗ ಚಿಕ್ಕಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ. ರಾಜ್ಯದ ಗಡಿಯಾಚೆಯ ಹೊಸೂರಿನ ಪರಿಚಯದವರೊಬ್ಬರು ತಮ್ಮ ಶೆಡ್ಡಿನಲ್ಲಿ ಜಾಗವೂ ಇದೆ, ಕರೆಂಟೂ ಇದೆ, ಯುಗಾದಿಯೊಳಗೆ ಬನ್ನಿ ಎಂದಿದ್ದರು. ಬಾಗಲೂರಿನವರು ಕಾಯುವುದೂ ಯುಗಾದಿಯವರೆಗೆ ಮಾತ್ರ. ಚಿಕ್ಕಪ್ಪ ಅಲ್ಲೊಂದು ರೂಮು ಮಾಡಿಕೊಂಡು ವಾರಕ್ಕೊಮ್ಮೆ ಮನೆಗೆ ಬರುವ ಯೋಚನೆಯಲ್ಲಿದ್ದರು.

"ಹೋಗ್ಲಿ ಬಿಡಪ್ಪ," ಎಂದಿದ್ದರು ಚಿಕ್ಕಮ್ಮ. "ಮಷೀನ್ ಜೊತೆ ಮಾತಾಡ್ಕೊಂಡು ಇರೋಣ ಅಂದ್ರೆ ಅದನ್ನೂ ತಗೊಂಡೇ ಹೋಗ್ತಾರಂತೆ."

ಇಂಥ ಸಮಯದಲ್ಲಿ ನಾನು ಚಿಕ್ಕಪ್ಪನ ನಂಬರು ಒತ್ತಿದೆ. ಅವತ್ತು ಮೇಡಂ ನನ್ನ ಪಕ್ಕದಲ್ಲೇ ಕೂತಿದ್ದರು. ಫೋನು ಸ್ಪೀಕರಿನಲ್ಲಿತ್ತು.

"ನಮಸ್ಕಾರ, ತಮ್ಮ ವಿದ್ಯುತ್ ಅರ್ಜಿ ವಿಚಾರವಾಗಿ ಮಾತಾಡ್ಬೇಕಿತ್ತು," ಎಂದೆ. ಆ ಕಡೆ ಲೇತಿನ ಸದ್ದು ನಿಂತಿತು. ಇನ್ನೇನು 'ಏನೋ ಮಗಾ' ಎನ್ನುತ್ತಾರೆ ಎಂದು ಕಾದೆ.

"ಹೇಳಿ ಸರ್," ಎಂದರು ಚಿಕ್ಕಪ್ಪ.

"ಅನುಮತಿ ಆನ್‌ಲೈನಲ್ಲೇ ಸಿಕ್ತಾ?"

"ಸಿಕ್ತು ಸರ್. ಬೇಗ ಸಿಕ್ತು."

"ಕಚೇರಿಗೆ ಓಡಾಡಬೇಕಾಯ್ತಾ?"

"ಇಲ್ಲ ಸರ್. ಕಚೇರಿ ಎಲ್ಲಿದೆ ಅಂತಾನೂ ನಂಗೆ ಗೊತ್ತಿಲ್ಲ. ಏನೂ ತೊಂದ್ರೆ ಇಲ್ಲ ಸರ್, ತುಂಬಾ ಸಂತೋಷ."

ಮೇಡಂ ತಲೆದೂಗಿ, ಎಲ್ಲರೂ ಹೀಗೇ ಮಾತಾಡಿದರೆ ಎಷ್ಟು ಚೆನ್ನ ಎಂದರು. ನಾನು ಪಟ್ಟಿಯ ಮುಂದಿನ ನಂಬರು ಒತ್ತಿದೆ.

ಸಂಜೆ ಮತ್ತಿಕೆರೆಗೆ ಹೋದೆ. ಚಿಕ್ಕಪ್ಪ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದರು.

"ಬನ್ನಿ ಸರ್. ಕಾಫಿ ತಗೋತೀರಾ ಸರ್?"

"ತಮಾಷೆ ಬೇಡ ಚಿಕ್ಕಪ್ಪ. ಸುಳ್ಳು ಯಾಕೆ ಹೇಳಿದ್ರಿ?"

"ಪಕ್ಕದಲ್ಲಿ ಯಾರೋ ಕೂತಿದ್ರು ಅಲ್ವೇನೋ? ನೀನು ಒಬ್ನೇ ಇದ್ರೆ 'ತಮ್ಮ ವಿದ್ಯುತ್ ಅರ್ಜಿ' ಅಂತಿದ್ಯಾ?"

"ಅವರು ಇದ್ರೆ ಏನೀಗ?"

"ನಿಂದು ಗುತ್ತಿಗೆ ಕೆಲಸ ಕಣೋ. ನಾನು ತಂತಿ ಬಂದಿಲ್ಲ, ಕಂಬ ಬಂದಿಲ್ಲ ಅಂತ ಹಾಡೋಕೆ ಶುರು ಮಾಡಿದ್ರೆ ನಿನಗೆ ಒಂದು ಕೆಟ್ಟ ಮಾತು ಬರ್ತಿತ್ತು. ನಂಗೆ ಕರೆಂಟ್ ಬರ್ತಿತ್ತಾ? ಇಲ್ವಲ್ಲ."

ಒಳಗಿನಿಂದ ಚಿಕ್ಕಮ್ಮ, "ಇಬ್ಬರೂ ಒಳ್ಳೆಯವರಾಗ್ಬಿಟ್ರೆ ನನ್ನ ಮಷೀನು ಬೆಡ್‌ಶೀಟಲ್ಲೇ ಮಲಗಿರ್ಲಿ, ಅಲ್ವಾ?" ಎಂದರು.

ಅಂಕಿಅಂಶಗಳಲ್ಲಿ ತಪ್ಪು ಎಲ್ಲೆಲ್ಲಿಂದ ನುಸುಳುತ್ತದೆ ಎಂದು ಎಂ.ಎ.ಯಲ್ಲಿ ನಮಗೆ ಒಂದು ಇಡೀ ಪತ್ರಿಕೆ ಇತ್ತು. ಭಯದಿಂದ, ಲಾಭದಿಂದ, ಮರೆವಿನಿಂದ. ಪ್ರೀತಿಯಿಂದಲೂ ನುಸುಳುತ್ತದೆ ಎಂದು ಯಾರೂ ಪಾಠ ಮಾಡಿರಲಿಲ್ಲ. ದೆಹಲಿಯವರು ಕರೆದಾಗ ನಿಜ ಹೇಳಿ ಎಂದು ಅವತ್ತು ಚಿಕ್ಕಪ್ಪನ ಕೈ ಹಿಡಿದುಕೊಂಡು ಕೇಳಿದೆ. "ನೋಡಣ," ಎಂದರು.

ಮರುದಿನ ಕಚೇರಿಯಲ್ಲಿ ಅವರ ಹೆಸರಿನ ಮುಂದೆ 'ತಂತಿ ಇನ್ನೂ ಬಂದಿಲ್ಲ' ಎಂದು ಬರೆದು, ಮೇಡಂ ಅವರಿಗೆ ತೋರಿಸಿದೆ. ಆ ವರ್ಕ್‌ಶಾಪಿನವರು ನನ್ನ ಚಿಕ್ಕಪ್ಪ ಎಂಬುದನ್ನೂ ಹೇಳಿದೆ. ಮೇಡಂ ಆ ಸಾಲನ್ನು ಇನ್ನೊಮ್ಮೆ ಓದಿ, "ಇರ್ಲಿ, ಅಳಿಸ್ಬೇಡಿ," ಎಂದರು.

ಇಲ್ಲಿಂದ ಮುಂದೆ ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ದೆಹಲಿಯ ಕರೆ ಬಂದಾಗ ನಾನು ಚಿಕ್ಕಪ್ಪನ ಪಕ್ಕದಲ್ಲೇ ಇದ್ದಂತೆ, ಅವರು ಹರಕು ಹಿಂದಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಂತೆ ನನಗೆ ಕಣ್ಣಿಗೆ ಕಟ್ಟಿದೆ. ಚಿಕ್ಕಮ್ಮ ನಗುತ್ತಾರೆ. ಫೋನ್ ಎತ್ತಿದ್ದು ತಾವು, ಹಿಂದಿ ಬಾರದ್ದರಿಂದ ಆ ಕಡೆಯಿಂದ ಕನ್ನಡ ಗೊತ್ತಿರುವವರನ್ನು ಫೋನಿಗೆ ಕರೆಸಿ, 'ಬಂದು ನೋಡಿ, ಬೆಡ್‌ಶೀಟ್ ತೆಗೆದು ತೋರಿಸ್ತೀನಿ' ಎಂದವರೂ ತಾವೇ ಎನ್ನುತ್ತಾರೆ. ಅಂಥ ಕರೆಯೇ ಬರಲಿಲ್ಲ ಎಂಬುದು ಚಿಕ್ಕಪ್ಪನ ವಾದ. ವಾರದ ನಡುವಿನ ಹಗಲು ನಾನು ಕಚೇರಿ ಬಿಟ್ಟು ಅಲ್ಲಿರಲು ಸಾಧ್ಯವೂ ಇರಲಿಲ್ಲ.

ಯುಗಾದಿಗೆ ಹತ್ತು ಹನ್ನೆರಡು ದಿನ ಇರುವಾಗ ಬೀದಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು, ಅದರ ಹಿಂದೆಯೇ ವರ್ಕ್‌ಶಾಪಿಗೆ ತಂತಿಯೂ ಬಂತು. ನಾನು ಬರೆದ ಸಾಲಿನಿಂದಲೋ, ಚಿಕ್ಕಮ್ಮನ ಮಾತಿನಿಂದಲೋ, ಬೀದಿಯ ತುದಿಯಲ್ಲಿ ಎದ್ದ ಅಪಾರ್ಟ್‌ಮೆಂಟಿಗಾಗಿಯೋ ತಿಳಿಯದು. ಮೂರನೆಯದೇ ನಿಜವಿರಬೇಕು. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಓಡಬೇಕಿತ್ತು.

ಬೆಡ್‌ಶೀಟ್ ತೆಗೆಯುವಾಗ ಚಿಕ್ಕಮ್ಮ ಅದನ್ನು ಜಾಡಿಸದೆ, ನಿಧಾನವಾಗಿ ಮಡಿಸಿದರು. ಮಷೀನು ಮೊದಲ ಸಲ ತಿರುಗಿದಾಗ ಲೇತಿನಷ್ಟೂ ಸದ್ದು ಮಾಡಲಿಲ್ಲ. ಚಿಕ್ಕಪ್ಪನಿಗೆ ಅನುಮಾನ ಬಂದು ಅದರ ಮೈಮೇಲೆ ಅಂಗೈ ಇಟ್ಟು ನೋಡಿದರು. ಬಾಗಲೂರಿನ ಆರ್ಡರ್ ಉಳಿಯಿತು. ಹೊಸೂರಿಗೆ ಹೋಗುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆ ಕೆಲಸವನ್ನೂ ನಾನು ಬಿಟ್ಟು ಈಗ ಕೆಲವು ವರ್ಷಗಳಾದವು. ಇವತ್ತಿಗೂ ನನ್ನ ಫೋನನ್ನು ಚಿಕ್ಕಪ್ಪ ಎತ್ತುವುದು 'ಹೇಳಿ ಸರ್' ಎಂದೇ. ಹೋದ ವಾರ, ಮಂಡಿ ನೋವು ಹೇಗಿದೆ ಎಂದು ಕೇಳಿದೆ.

"ಏನೂ ತೊಂದ್ರೆ ಇಲ್ಲ ಸರ್, ತುಂಬಾ ಸಂತೋಷ," ಎಂದರು.

ಫೋನಿಟ್ಟು, ಗಂಗಾನಗರದ ನನ್ನ ಮನೆಗೆ ಬೀಗ ಹಾಕಿ, ಸ್ಕೂಟರ್ ತೆಗೆದು ಮತ್ತಿಕೆರೆಗೆ ಹೊರಟೆ.