ಹುಲಿ ಕಂಬಳಿಯ ಗುಡಾರದೊಳಗೆ

ಕತಾರಿಗೆ ಬಂದು ಎರಡು ವರ್ಷವಾಗಿದ್ದರೂ ನಾನು ಚೆನ್ನಾಗಿ ಬೆವರಿದ್ದು ಒಂದೇ ಸಲ. ಅದೂ ಫೆಬ್ರವರಿಯ ಚಳಿಯಲ್ಲಿ, ಸ್ವೆಟರ್ ಹಾಕಿಕೊಂಡು ಹೊರಟು, ಕರೆದವರ ದಾಕ್ಷಿಣ್ಯಕ್ಕೆ. ಊರಿನಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಮರುಭೂಮಿಯಲ್ಲಿ ಇರುವವರು ಹೊತ್ತು ಹೊತ್ತಿಗೂ ಬೆವರು ಒರೆಸಿಕೊಳ್ಳುತ್ತಿರುತ್ತಾರೆ ಎಂದು ಅವರ ಕಲ್ಪನೆ. ನಿಜವೆಂದರೆ, ಅಲ್ ಸದ್ದಿನ ನಮ್ಮ ಫ್ಲ್ಯಾಟಿನಲ್ಲಿ ಏಸಿ, ಕಾರಿನಲ್ಲಿ ಏಸಿ, ವೆಸ್ಟ್ ಬೇಯ ಕಚೇರಿಯಲ್ಲಂತೂ ಶಾಲು ಹೊದೆಯುವಷ್ಟು ಏಸಿ. ಇಲ್ಲಿ ಬೆವರುವ ಕೆಲಸವನ್ನು ಬೇರೆಯವರಿಗೆ ವಹಿಸಿಬಿಟ್ಟಿದ್ದೇವೆ. ಹದಿನಾಲ್ಕನೇ ಮಹಡಿಯ ನಮ್ಮ ಕಿಟಕಿಯಿಂದ ಆ ಕಟ್ಟಡ ಕೆಲಸದವರು ನೀಲಿ ಅಂಗಿಯ ಚುಕ್ಕಿಗಳಾಗಿ ಕಾಣುತ್ತಾರೆ.

ಕರೆದವಳು ಡೋರೀನ್. ನಮ್ಮ ಕಚೇರಿಯಲ್ಲೇ ಕೆಲಸ ಮಾಡುವ ಕೆನಡಾದ ಹೆಂಗಸು, ಐವತ್ತು ದಾಟಿದವಳು, ತಾಯಿಯ ಕಡೆಯಿಂದ ಅಲ್ಲಿನ ಮೂಲನಿವಾಸಿ. ಅವಳ ತಾಯಿಯ ಜನ ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಮುಚ್ಚಿದ ಗುಡಾರದೊಳಗೆ ತಂದು, ಮೇಲೆ ನೀರು ಹಾಕಿ, ಆ ಹಬೆಯಲ್ಲಿ ಕತ್ತಲೆಯಲ್ಲಿ ಕೂತು ಪ್ರಾರ್ಥನೆ ಮಾಡುತ್ತಾರಂತೆ. ಹೆಂಗಸರು ಮಾತ್ರ, ಶುಕ್ರವಾರ ಬೆಳಿಗ್ಗೆ, ಊರಾಚೆಯ ಮರಳಿನಲ್ಲಿ. ಕಾಣಿಕೆ ಒಂದು ಚಿಟಿಕೆ ತಂಬಾಕು.

ನಾನು ಇಂಥದಕ್ಕೆಲ್ಲ ಹೋಗುವವಳಲ್ಲ. ಹೋಗುವಂತೆ ಮಾಡಿದ್ದು ಪಕ್ಕದ ಮೇಜಿನ ಫ್ಲೇವಿ. ಉಡುಪಿ ಕಡೆಯವಳು, ಬಿನ್ ಮಹಮೂದಿನಲ್ಲಿ ಮನೆ.

“ಎಂತ ಮಾರಾಯ್ತಿ, ಮೂರು ವಾರದಿಂದ ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ. ಬಾ, ಸ್ವಲ್ಪ ಬೆಂದು ಬರುವ,” ಎಂದಳು. ಗಂಡನ ಸಿಗರೇಟು ಕದ್ದು, ಮುರಿದು, ತಂಬಾಕನ್ನು ಎರಡು ಪೊಟ್ಟಣ ಕಟ್ಟಿ ತಂದವಳೂ ಅವಳೇ.

ಮೂರು ವಾರದ ಲೆಕ್ಕ ಸರಿಯಾಗಿತ್ತು. ಕಾರಣ ಅವಳಿಗೆ ಗೊತ್ತಿರಲಿಲ್ಲ. ನನ್ನ ಮೂರನೇ ತಿಂಗಳ ಗರ್ಭ ನಿಲ್ಲಲಿಲ್ಲ. ಗೊತ್ತಿದ್ದವರು ನನ್ನ ಗಂಡ ರಘು ಮತ್ತು ಡಾಕ್ಟರು, ಇಬ್ಬರೇ. ಮೈಸೂರಿನಲ್ಲಿರುವ ಅಮ್ಮನಿಗೆ ಬಸಿರಿನ ಸುದ್ದಿ ಹೇಳಿಯಾಗಿತ್ತು, ಹೋದ ಸುದ್ದಿ ಹೇಳಿರಲಿಲ್ಲ. ಪ್ರತಿ ಶುಕ್ರವಾರ ಸಂಜೆ ಫೋನ್ ಮಾಡುತ್ತಿದ್ದೆ. ಅಮ್ಮ ಹಳೆಯ ಹತ್ತಿ ಸೀರೆಗಳನ್ನು ಮೆತ್ತಗಾಗಲೆಂದು ಒಗೆದೊಗೆದು ಒಣಗಿಸುತ್ತಿದ್ದಳು, ಬಜೆ ಸುಟ್ಟಿಡುತ್ತಿದ್ದಳು, ಬಾಣಂತನಕ್ಕೆ ಬರುವಾಗ ಸಾಂಬ್ರಾಣಿಯನ್ನು ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ ಎಂದು ಕೇಳುತ್ತಿದ್ದಳು. ನಾನು ವಿಚಾರಿಸುತ್ತೇನೆ ಎನ್ನುತ್ತಿದ್ದೆ. ಹಾಗೆ ಮೂರು ಶುಕ್ರವಾರ ಕಳೆದಿದ್ದವು. ಕಾಲೇಜಿನಲ್ಲಿ ಭಾಷಾ ವಿಷಯಕ್ಕೆ ಪದಕ ಬಂದಿತ್ತು ನನಗೆ. ಒಂದು ವಾಕ್ಯ ಕಟ್ಟಲು ಆಗುತ್ತಿರಲಿಲ್ಲ.

ಗುಡಾರ ನಮ್ಮೂರಿನ ಕೋಳಿ ಮುಚ್ಚುವ ಪಂಜರದ ಆಕಾರದಲ್ಲಿತ್ತು, ಎದೆಯೆತ್ತರ. ಅವಳ ಊರಿನ ಮರದ ಕೊಂಬೆ ಇಲ್ಲಿ ಸಿಗದೆ ಖರ್ಜೂರದ ಗರಿಯ ದಿಂಡುಗಳನ್ನು ಬಗ್ಗಿಸಿ ಕಟ್ಟಿದ್ದಳು. ಮೇಲೆ ಹೊದಿಸಿದ್ದು ಗಲ್ಫಿನಿಂದ ಊರಿಗೆ ಹೋಗುವವರೆಲ್ಲ ಹೊತ್ತೊಯ್ಯುವ, ಹುಲಿಯ ಮುಖವಿರುವ ದಪ್ಪ ಕಂಬಳಿಗಳು. ನಾಲ್ಕು ಹುಲಿಗಳು ನಾಲ್ಕು ದಿಕ್ಕಿಗೆ ಹಲ್ಲು ಕಿರಿಯುತ್ತಿದ್ದವು.

“ಲಗೇಜಿನ ಒಳಗೆ ಕೂತ ಹಾಗೆ ಆಯ್ತು. ತೂಕ ಜಾಸ್ತಿ ಆದ್ರೆ ಮೊದಲು ನಿನ್ನನ್ನೇ ತೆಗೆದು ಹಾಕುದು, ಆಯ್ತಾ?” ಎಂದಳು ಫ್ಲೇವಿ.

ಡೋರೀನ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಮೆಲ್ಲಗೆ ಏನೋ ಕೇಳಿ ಒಳಗೆ ಬಿಡುತ್ತಿದ್ದಳು. ರಕ್ತದೊತ್ತಡವಿದೆಯೇ, ನೀರು ಕುಡಿದೆಯಾ, ಹೀಗೆ. ನನ್ನ ಸರದಿ ಬಂದಾಗ, ಮಾತ್ರೆಗಳ ಬಗ್ಗೆ ಕೇಳಿದಷ್ಟೇ ಸಹಜವಾಗಿ, ಗರ್ಭಿಣಿಯೇ ಎಂದು ಕೇಳಿದಳು. ಗರ್ಭಿಣಿಯರು ಒಳಗೆ ಬರುವಂತಿಲ್ಲವಂತೆ.

“ನೋ,” ಎಂದೆ.

ಅಷ್ಟೇ. ಒಂದು ಅಕ್ಷರ. ಮೂರು ವಾರದಿಂದ ಗಂಟಲಲ್ಲಿ ಕೂತಿದ್ದದ್ದು, ಆರೋಗ್ಯ ವಿಚಾರಿಸುವ ಪ್ರಶ್ನೆಗೆ ಉತ್ತರವಾಗಿ, ಪರದೇಶದ ಮರಳಿನಲ್ಲಿ, ಇನ್ನೊಬ್ಬರ ಭಾಷೆಯಲ್ಲಿ ಹೊರಬಿತ್ತು. ಡೋರೀನ್ ಒಳ್ಳೆಯದು ಎಂದಳು; ಅವಳ ಮಟ್ಟಿಗೆ ಒಳ್ಳೆಯದೇ. ನಾನು ಮಂಡಿಯೂರಿ ತೆವಳಿ ಒಳಗೆ ಹೋದೆ.

ಬೆವರಿಸುವ ವಿದ್ಯೆಯಲ್ಲಿ ಮನುಷ್ಯ ಎಲ್ಲಿದ್ದರೂ ಒಂದೇ. ಆಯುರ್ವೇದದವರು ಅದಕ್ಕೆ ಸ್ವೇದನವೆಂದು ಹೆಸರಿಟ್ಟು ಬಗೆಬಗೆಯಾಗಿ ವಿಂಗಡಿಸಿದರು. ತುರ್ಕರು ಅಮೃತಶಿಲೆ ಹಾಸಿದರು, ಹಿಮದ ದೇಶದವರು ಮರದ ಕೋಣೆ ಕಟ್ಟಿದರು. ನಮ್ಮ ಮನೆಗಳಲ್ಲಿ ಬಾಣಂತಿಯ ಕೋಣೆಯಿದೆ. ಕಿಟಕಿ ಮುಚ್ಚಿ, ಹಂಡೆಗಟ್ಟಲೆ ಸುಡುನೀರು ಹೊಯ್ದು, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಕಂಬಳಿ ಹೊದಿಸಿ, ಬೆವರು ಬರುವ ತನಕ ಅಲುಗಾಡಬೇಡ ಎನ್ನುತ್ತಾರೆ. ಮಗು ಪಕ್ಕದಲ್ಲಿ ಮಲಗಿದ್ದರೆ ಈ ಬೆವರಿಗೊಂದು ಹೆಸರಿದೆ, ಲೇಹ್ಯವಿದೆ, ನೋಡಲು ಬರುವ ನೆಂಟರಿದ್ದಾರೆ. ಮಗು ಇಲ್ಲದವಳ ಮೈ ಕೂಡ ಅಷ್ಟೇ ನೊಂದಿರುತ್ತದೆ. ಅವಳು ನಾಲ್ಕನೇ ದಿನ ಕಚೇರಿಗೆ ಹೋಗುತ್ತಾಳೆ.

ಒಳಗೆ ಒಂಬತ್ತು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಕಲ್ಲುಗಳು ಬಂದವು. ಬಾಗಿಲ ಕಂಬಳಿ ಇಳಿಯಿತು. ನನ್ನ ಕೈ ನನಗೇ ಕಾಣದಂಥ ಕತ್ತಲೆ. ನೀರು ಬಿದ್ದು ಚುಂಯ್ ಎಂದಿತು. ಹಬೆ ಮೊದಲು ಕಿವಿಗೆ, ಆಮೇಲೆ ಮೂಗಿಗೆ ಬಂತು. ಡೋರೀನ್ ತನ್ನ ಜನರ ಭಾಷೆಯಲ್ಲಿ ಹಾಡಿದಳು. ಮೊದಲ ಸುತ್ತು ಮುಗಿದಾಗ ನನಗೆ ಹಿತವೇ ಆಗಿತ್ತು ಎನ್ನಬೇಕು. ಬೆವರಿಗೂ ಕಣ್ಣೀರಿಗೂ ವ್ಯತ್ಯಾಸ ಕಾಣದ ಜಾಗ, ನನ್ನಂಥ ಸಂಕೋಚದವರಿಗೆ ಹೇಳಿ ಮಾಡಿಸಿದ್ದು.

ಎರಡನೇ ಸುತ್ತಿನಲ್ಲಿ ಡೋರೀನ್ ಇಂಗ್ಲಿಷಿನಲ್ಲಿ ವಿವರಿಸಿದಳು. ಈ ಗುಡಾರ ತಾಯಿಯ ಗರ್ಭ. ಕತ್ತಲೆ, ಬಿಸಿ, ನೀರು ಎಲ್ಲ ಅಲ್ಲಿನವೇ. ನಾಲ್ಕು ಸುತ್ತು ಮುಗಿಸಿ, ತೆವಳಿ, ಬೆಳಕಿಗೆ ಹೊಸದಾಗಿ ಹುಟ್ಟಿ ಬರುತ್ತೇವೆ. ಅವಳ ಧ್ವನಿ ತುಂಬ ಮೃದುವಾಗಿತ್ತು. ತಪ್ಪು ಅವಳದಲ್ಲ, ಅವಳ ಅಜ್ಜಿಯಂದಿರದೂ ಅಲ್ಲ. ಸುತ್ತ ಕೂತವರು ಸಮಾಧಾನದ ಉಸಿರು ಬಿಟ್ಟರು. ನನಗೆ ಉಸಿರೇ ಸಿಗಲಿಲ್ಲ. ಬಾಗಿಲು ತೆಗೆಯಿರಿ ಎಂದೆ. ಅದನ್ನು ಕನ್ನಡದಲ್ಲಿ ಹೇಳಿದೆನೆಂದು ಆಮೇಲೆ ಗೊತ್ತಾಯಿತು. ಫ್ಲೇವಿ ಎಲ್ಲರ ಕಾಲು ತುಳಿಯುತ್ತ ನನ್ನನ್ನು ಹೊರಗೆ ಎಳೆದಳು.

ಮರಳಿನ ಮೇಲೆ ಮಲಗಿದೆ. ಆಕಾಶ ಬಣ್ಣವಿಲ್ಲದೆ ಹರಡಿತ್ತು. ಹೊಸದಾಗಿ ಹುಟ್ಟಿದಂತೆ ಏನೂ ಅನಿಸಲಿಲ್ಲ. ಮೈ ಒದ್ದೆಯಾಗಿತ್ತು, ಚಳಿಯಾಗುತ್ತಿತ್ತು, ಅಷ್ಟೇ. ಫ್ಲೇವಿ ನನ್ನ ತಲೆ ಒರೆಸುತ್ತ ಸಮಾಧಾನ ಹೇಳಿದಳು: “ಬೇಜಾರು ಎಂತಕ್ಕೆ? ಅರ್ಧಕ್ಕೆ ಹೊರಗೆ ಬಂದ್ರೆ ಯಾರಾದ್ರೂ ಸಾಯ್ತಾರಾ ಮಾರಾಯ್ತಿ?”

ನಾನು ಅವಳ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳ ಇನ್ನೊಂದು ಕೈ ಒರೆಸುವುದನ್ನು ನಿಲ್ಲಿಸಿತು. ಆಮೇಲೆ ಮನೆ ಸೇರುವವರೆಗೂ ಫ್ಲೇವಿ ಒಂದೇ ಒಂದು ತಮಾಷೆ ಮಾಡಲಿಲ್ಲ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ.

“ಏನೇ ಪುಟ್ಟಿ, ಬಾಯಿಗೆ ಹುಳಿ ಕೇಳತ್ತಾ ಈಗ?”

“ಇಲ್ಲಮ್ಮ.”

“ಸಿಹಿನಾ ಹಾಗಾದ್ರೆ?”

“ಮಗು ಇಲ್ಲಮ್ಮ. ನಿಲ್ಲಲಿಲ್ಲ. ಮೂರು ವಾರ ಆಯ್ತು.”

ಆ ಕಡೆ ಕುಕ್ಕರ್ ಕೂಗಿತು. ಮತ್ತೊಮ್ಮೆ ಕೂಗಿತು. ಅಮ್ಮ ಏಳಲಿಲ್ಲ.

“ಮೂರು ವಾರ,” ಎಂದಳು ಕಡೆಗೆ. “ಯಾರೇ ನಿಂಗೆ ನೀರು ಹಾಕಿದ್ದು?”

ಯಾರೂ ಇಲ್ಲ ಎಂದೆ. ಅಮ್ಮ ಅತ್ತಳು. ಹೇಳಿಕೊಂಡರೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ. ಒಬ್ಬಳ ಸಂಕಟ ಇಬ್ಬರದಾಯಿತು, ಚೂರೂ ಕಡಿಮೆಯಾಗಲಿಲ್ಲ. ಕಣ್ಣೊರೆಸಿಕೊಂಡು ಅಮ್ಮ, ಪಾಸ್‌ಪೋರ್ಟ್ ಬಂದಿದೆ, ಈಗಲೇ ಬರುತ್ತೇನೆ ಎಂದಳು. ನಾನು ಬೇಡವೆಂದೆ. ವೀಸಾದ ಅರ್ಜಿಯಲ್ಲಿ ಬರುವ ಉದ್ದೇಶ ಬರೆಯಬೇಕು, ಹೆರಿಗೆ ಎಂದು ಬರೆಯುವುದಿತ್ತು, ಈಗ ಏನೆಂದು ಬರೆಯಲಿ ಎಂದೆ.

“ಮಗಳ ಮನೆಗೆ ಬರೋಕೆ ಉದ್ದೇಶ ಬೇರೆ ಕೇಡು! ಸುಮ್ನೆ ಬರ್ತಾಳೆ ಅಂತ ಬರಿ.”

ಮರುದಿನ ರಘುವಿನ ಜೊತೆ ಅರ್ಜಿ ಟೈಪ್ ಮಾಡಿಸುವ ಅಂಗಡಿಗೆ ಹೋದೆ. ಯಂತ್ರದ ಮುಂದೆ ವಯಸ್ಸಾದ ಮಲಯಾಳಿ ಒಬ್ಬರು ಕೂತಿದ್ದರು. ಹೆಸರು, ಊರು ಎಲ್ಲ ಹೊಡೆದು, ಉದ್ದೇಶದ ಖಾನೆಗೆ ಬಂದು, ಯಾತಕ್ಕೆ ಬರುತ್ತಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು. ರಘು ನೆಲ ನೋಡಿದ.

“ಸುಮ್ಮನೆ,” ಎಂದೆ ನಾನು.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಚುಮ್ಮಾ, ಅಲ್ಲೇ?” ಎಂದು ಅದನ್ನೇ ತಮ್ಮ ಮಲಯಾಳದಲ್ಲಿ ಕೇಳಿ ತಲೆಯಾಡಿಸಿ, ಅರಬ್ಬಿಯಲ್ಲಿ ಏನೋ ಟೈಪ್ ಮಾಡಿದರು. ನಾನು ಹೇಳಿದ್ದಕ್ಕಿಂತ ಉದ್ದವಾಗಿಯೇ ಇತ್ತು. ನನಗೆ ಅರಬ್ಬಿ ಓದಲು ಬರುವುದಿಲ್ಲ. ಏನೆಂದು ಕೇಳಲೂ ಇಲ್ಲ.