ನೀರೋನ ಮುಂದೆ ಆರತಿ

ವಿದೇಶದ ಈ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಮೈಸೂರಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ದಸರೆಗೆ ತಪ್ಪದೆ ಗೊಂಬೆ ಕೂರಿಸುತ್ತಿದ್ದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು. ಅವುಗಳ ಪಕ್ಕದಲ್ಲೇ ರೋಮಿನ ದೊರೆ ನೀರೋನ ತಲೆ, ಬಿಳಿ ಪ್ಲಾಸ್ಟರಿನದು.

"ಸಿಟಿಗೆ ಬೆಂಕಿ ಇಟ್ಟು ಪಿಟೀಲು ಬಾರಿಸ್ತಿದ್ದೋನಲ್ವಾ ಅಂಕಲ್ ಇವ್ನು?" ಎಂದು ಗೊಂಬೆ ನೋಡಲು ಬಂದವರು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ನೋಡ್ದೋರು ಯಾರು?" ಅಂಕಲ್ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. "ಪಿಟೀಲು ಆಗ ಇರ್ಲೇ ಇಲ್ಲ. ಬೆಂಕಿ ಬಿದ್ದಾಗ ಅವನೂ ಊರಲ್ಲಿರ್ಲಿಲ್ಲ. ಓಡಿ ಬಂದು, ಮನೆ ಕಳ್ಕೊಂಡೋರಿಗೆ ತನ್ನ ತೋಟ ಬಿಟ್ಕೊಟ್ಟ."

"ಹಾಗಾದ್ರೆ ಒಳ್ಳೆಯವನು ಅನ್ನಿ."

"ಹೆತ್ತ ತಾಯಿನೇ ಕೊಲ್ಲಿಸ್ದ. ಒಳ್ಳೆಯವನು ಅಂತ ನಾನೆಲ್ಲಿ ಹೇಳ್ದೆ?"

ಆರತಿ ಎತ್ತುವಾಗ ಅವರದೊಂದು ಪದ್ಧತಿಯಿತ್ತು. ತಟ್ಟೆ ಆ ತಲೆಯ ಮುಂದೆ ಬಂದ ಕೂಡಲೇ ಎಡಗೈಯನ್ನು ದೀಪಕ್ಕೆ ಅಡ್ಡ ಹಿಡಿಯುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಅವನಿಗೆ ಬೆಂಕಿ ತೋರಿಸ್ಬಾರ್ದು" ಎಂದಷ್ಟೇ ಹೇಳಿದರು. ನಾವೆಲ್ಲ ನಕ್ಕರೂ ಅವರು ನಗಲಿಲ್ಲ.

ಅಂಕಲ್ ತೀರಿಕೊಂಡು ವರ್ಷ ಕಳೆದ ಮೇಲೆ ಅವರ ಹೆಂಡತಿ ಮತ್ತೆ ಗೊಂಬೆ ಕೂರಿಸಿದರು. "ಆರತಿ ನೀನೇ ಎತ್ತಮ್ಮ" ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಅಂಕಲ್ ಪದ್ಧತಿ ನನಗೆ ಮರೆತೇಹೋಗಿತ್ತು. ತಟ್ಟೆಯನ್ನು ನೇರವಾಗಿ ಆ ತಲೆಯ ಮುಂದೆ ಹಿಡಿದೆ. ಕಿಟಕಿಗಳೆಲ್ಲ ಮುಚ್ಚಿದ್ದರೂ ದೀಪದ ಕುಡಿ ಆ ಮುಖದತ್ತ ಬಾಗಿತು. ಪ್ಲಾಸ್ಟರಿನ ಬಿಳಿ ಕಣ್ಣುಗಳು ಮೆಲ್ಲಗೆ ಅಗಲವಾದವು, ಉರಿಯುವ ಮನೆಯೊಳಗೆ ಸಿಕ್ಕಿಬಿದ್ದವರ ಕಣ್ಣುಗಳ ಹಾಗೆ.

ನನ್ನ ಎಡಗೈ ತಾನಾಗಿಯೇ ದೀಪಕ್ಕೆ ಅಡ್ಡ ಬಂತು.

"ನಿಂಗೂ ಕಾಣಿಸ್ತಾ?" ಎಂದು ಆಂಟಿ ಹಿಂದಿನಿಂದ ಕೇಳಿದರು.