ಸಂಪಾದಕರು ನಂದಿಸಿದ ಒಲೆ

ನನ್ನ ಕಥೆಗಳನ್ನು ತಿದ್ದಿದವರ ಮೇಲೆ ನನಗೆ ಸಿಟ್ಟಿರುವುದು ಹೊಸದೇನಲ್ಲ. ಹುಟ್ಟಿನಿಂದ ಗುಜರಾತಿನಲ್ಲಿದ್ದುಕೊಂಡು ಕನ್ನಡದಲ್ಲಿ ಬರೆಯುವವಳಿಗೆ ಆ ಸಿಟ್ಟು ಮನೆಯ ಹಳೇ ಸಾಮಾನಿನ ಹಾಗೆ, ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಒಮ್ಮೆ ಸೂರತ್ತಿನ ಸೀರೆ ಅಂಗಡಿಯ ಮೇಲೊಂದು ಕಥೆ ಬರೆದೆ. ಅಲ್ಲಿ ಮೀಸೆ ಹೊತ್ತ ಗಂಡಸರೇ ಪ್ಯಾಂಟಿನ ಮೇಲೆ ಸೀರೆ ನೆರಿಗೆ ಹಿಡಿದು, ಸೆರಗು ಹೊದ್ದು, ಗಿರಾಕಿಗಳಿಗೆ ತೋರಿಸುತ್ತಾರೆ. ಸಂಪಾದಕರು ಕಥೆಯಲ್ಲಿದ್ದ ಅಂಥ ಗಂಡಸನ್ನು ಹೊರಗೆ ಹಾಕಿ ಅವನ ಜಾಗದಲ್ಲಿ ಒಬ್ಬ ಹುಡುಗಿಯನ್ನು ನಿಲ್ಲಿಸಿದರು. ಇಲ್ಲದಿದ್ದರೆ ಓದುಗರು ನಗುತ್ತಾರಂತೆ. ನಗಲಿ ಎಂದೇ ಬರೆದದ್ದು. ಇನ್ನೊಬ್ಬರು ನನ್ನ ನಾಯಕಿಯ ಸ್ಕೂಟರ್ ಕಿತ್ತುಕೊಂಡು ಅವಳನ್ನು ಸಿಟಿ ಬಸ್ಸು ಹತ್ತಿಸಿದರು. ಅರವತ್ತರ ಹೆಂಗಸು ಸ್ಕೂಟರ್ ಓಡಿಸುವುದು ಅಸಹಜವಂತೆ. ಆ ಪತ್ರಕ್ಕೆ ಉತ್ತರ ಬರೆದು, ಗುಜರಾತಿನ ಬೋಪಾಲ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಿಂದ ಸ್ಕೂಟರಿನಲ್ಲೇ ಹೋಗಿ ಅಂಚೆಗೆ ಹಾಕಿ ಬಂದೆ. ಆಗ ನನ್ನ ವಯಸ್ಸೂ ಸರಿಯಾಗಿ ಅರವತ್ತು.

ಇವನ್ನೆಲ್ಲ ನಾನು ನುಂಗಿಕೊಂಡೆ. ನುಂಗಲಾಗದ್ದು ಒಂದೇ ಒಂದು. ಅದನ್ನು ಹೇಳಬೇಕಾದರೆ ಅಪ್ಪ ಸತ್ತ ದಿನದಿಂದ ಶುರು ಮಾಡಬೇಕು.

ಅಪ್ಪನದು ವಡೋದರಾದ ಅಲಕಾಪುರಿ ಬಡಾವಣೆಯಲ್ಲಿ ಉಡುಪಿ ಹೋಟೆಲು. ಹೋಟೆಲಿನ ಮೇಲೆ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಮನೆಗೂ ಹೋಟೆಲಿಗೂ ಕೆಳಗಿನ ಅಡುಗೆಮನೆ ಒಂದೇ. ಆ ದಿನದ ತಿಂಡಿಗಳ ಹೆಸರು ಬರೆಯುವ ಕಪ್ಪು ಹಲಗೆಯ ಮೇಲೆಯೇ ಅಮ್ಮ ನನಗೆ ಕನ್ನಡ ಅಕ್ಷರ ಕಲಿಸಿದ್ದಳು. ನನಗೆ ಇಪ್ಪತ್ತು ವರ್ಷವಾಗಿದ್ದಾಗ, ಒಂದು ಶನಿವಾರ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದೆವು. ಭಾನುವಾರ ಬೆಳಗಾಗುವಷ್ಟರಲ್ಲಿ ಅಪ್ಪ ಇರಲಿಲ್ಲ.

ಹೋಟೆಲಿನಲ್ಲಿ ಏಳು ಜನ ಕೆಲಸದವರಿದ್ದರು, ಎಲ್ಲರೂ ಊರಿನ ಕಡೆಯವರೇ. ಶನಿವಾರ ಮಧ್ಯಾಹ್ನದಿಂದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದವರು ಅವರು. ಅಪ್ಪನಿಗೆ ಹೆಗಲು ಕೊಟ್ಟವರೂ ಅವರೇ. ಸ್ಮಶಾನದಿಂದ ಬಂದು, ಸ್ನಾನ ಮಾಡಿ, ಒದ್ದೆ ತಲೆಯಲ್ಲಿ ಅಡುಗೆಮನೆಯ ಗೋಡೆಗೆ ಒರಗಿ ಸಾಲಾಗಿ ಕೂತರು. ಸುತ್ತಮುತ್ತ ಬರೀ ಆಫೀಸುಗಳು, ಭಾನುವಾರ ಎಲ್ಲಕ್ಕೂ ಬೀಗ. ಒಂದು ತಟ್ಟೆ ಅನ್ನ ತಂದುಕೊಡಲು ಅಕ್ಕಪಕ್ಕದಲ್ಲಿ ಸಂಸಾರವೆಂಬುದೇ ಇರಲಿಲ್ಲ. ಯಜಮಾನ ಸತ್ತ ದಿನ ಬೇರೆಯವರ ಹೋಟೆಲಿಗೆ ಹೋಗಿ ತಿನ್ನಲು ಆ ಏಳು ಜನರಿಗೆ ಕಾಲು ಏಳಲಿಲ್ಲ.

ಅಮ್ಮ ಮೇಲಿನಿಂದ ಇಳಿದು ಬಂದಳು. ಶನಿವಾರ ರುಬ್ಬಿಟ್ಟಿದ್ದ ಇಡ್ಲಿ ಹಿಟ್ಟು ಆ ಸೆಕೆಗೆ ಉಕ್ಕಿ ಪಾತ್ರೆಯ ಹೊರಗೆ ಸುರಿಯುತ್ತಿತ್ತು. ಅವಳು ಆ ಏಳು ಮುಖಗಳನ್ನು ನೋಡಿದಳು, ಹಿಟ್ಟನ್ನು ನೋಡಿದಳು. ಸೆರಗು ಸಿಕ್ಕಿಸಿ ಒಲೆ ಹಚ್ಚಿದಳು. ಇಡ್ಲಿ ಬೇಯಿಸಿ ಎಲ್ಲರಿಗೂ ಬಡಿಸಿದಳು. ನನಗೂ ಬಡಿಸಿದಳು. ನಾನು ತಿಂದೆ. ಅಷ್ಟು ಹಸಿವಾಗಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಉತ್ತರಕ್ರಿಯೆಗೆ ಊರಿನಿಂದ ಬಂದ ಅಪ್ಪನ ಅಕ್ಕನಿಗೆ ಯಾರ ಬಾಯಿಂದಲೋ ಇದು ತಿಳಿಯಿತು. ಸಾವಿನ ದಿನ ಮನೆಯಲ್ಲಿ ಒಲೆ ಹಚ್ಚಬಾರದು ಎಂಬುದು ಅಮ್ಮನಿಗೆ ಗೊತ್ತಿರಲಿಲ್ಲವೇ? ಅತ್ತೆ ಎಲ್ಲರೆದುರು ಕೇಳಿದರು. "ಗಂಡನ ಚಿತೆ ಇನ್ನೂ ಉರೀತಾ ಇರುವಾಗ ಒಲೆ ಹೊತ್ತಿಸ್ಲಿಕ್ಕೆ ನಿಂಗೆ ಮನಸ್ಸಾದ್ರೂ ಹೇಗೆ ಬಂತು?" ಅಮ್ಮ ತಲೆ ತಗ್ಗಿಸಿದಳು. ಮುಂದೆ ಹದಿನೈದು ವರ್ಷ ಅವಳೇ ಹೋಟೆಲು ನಡೆಸಿದಳು, ಸಾವಿರಾರು ಜನಕ್ಕೆ ಇಡ್ಲಿ ಬೇಯಿಸಿದಳು. ತಾನು ಮಾತ್ರ ಒಂದು ಇಡ್ಲಿಯನ್ನೂ ಬಾಯಿಗಿಡಲಿಲ್ಲ. ಕೇಳಿದರೆ, "ನಂಗೆ ಅದು ಸೇರುದಿಲ್ಲ" ಎನ್ನುತ್ತಿದ್ದಳು. ಮೊದಲು ಸೇರುತ್ತಿತ್ತು. ಅಪ್ಪ ಇದ್ದಾಗ ಒಲೆಯಿಂದ ಇಳಿಸಿದ ಮೊದಲ ಒಬ್ಬೆಯ ಎರಡು ಇಡ್ಲಿ ಅವಳದೇ.

ಹೋಟೆಲು ಮುಚ್ಚಿದ ಮೇಲೆ ಅಮ್ಮ ನಮ್ಮ ಜೊತೆ ಬೋಪಾಲಿನಲ್ಲೇ ಇದ್ದಳು. ನನ್ನ ಗಂಡನಿಗೆ ಬಾಹ್ಯಾಕಾಶ ಸಂಶೋಧನೆಯ ಕೆಲಸ. ಅವರಿಗೆ ಕಥೆ ಓದುವ ವ್ಯವಧಾನವಿಲ್ಲ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ನನಗಿದ್ದ ಓದುಗರೆಂದರೆ ಅಮ್ಮ ಒಬ್ಬಳೇ, ಭೂತಗನ್ನಡಿ ಹಿಡಿದು ಒಂದು ಅಕ್ಷರ ಬಿಡದೆ ಓದುವವಳು. ಆ ಒಲೆಯ ವಿಷಯವನ್ನು ಅವಳ ಎದುರು ಕೂತು ಮಾತಾಡುವ ಧೈರ್ಯ ನನಗೆ ನಲವತ್ತು ವರ್ಷದಲ್ಲಿ ಬರಲಿಲ್ಲ. ಕೊನೆಗೆ ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ಕಥೆ ಬರೆದೆ. ಕಥೆಯ ಹೆಂಗಸು ಒಲೆ ಹಚ್ಚುತ್ತಾಳೆ, ಏಳು ಜನಕ್ಕೆ ಬಡಿಸುತ್ತಾಳೆ. ಕೊನೆಯಲ್ಲಿ ತನ್ನ ತಟ್ಟೆಗೂ ಎರಡು ಇಡ್ಲಿ ಹಾಕಿಕೊಂಡು, ಅವರ ಸಾಲಿನಲ್ಲೇ ಕೂತು ತಿನ್ನುತ್ತಾಳೆ. ನೀನು ಮಾಡಿದ್ದು ಸರಿ ಅಮ್ಮ ಎಂದು ಹೇಳಲು ನನ್ನ ಕೈಲಾದದ್ದು ಅಷ್ಟು. ಅದನ್ನು ಅವಳು ಅಚ್ಚಿನಲ್ಲಿ ಓದಬೇಕು, ಆಮೇಲೆ ಒಂದು ದಿನ ತಾನಾಗಿ ಇಡ್ಲಿ ಕೇಳಬೇಕು ಎಂಬ ಆಸೆ ನನಗೆ.

ಬೆಂಗಳೂರಿನ ಒಂದು ಪತ್ರಿಕೆಯ ದೀಪಾವಳಿ ವಿಶೇಷಾಂಕಕ್ಕೆ ಕಥೆ ಆಯ್ಕೆಯಾಯಿತು. ಸಂಚಿಕೆ ಅಂಚೆಯಲ್ಲಿ ಬಂದ ದಿನ ನಾನು ಮಾರುಕಟ್ಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅಮ್ಮ ಸುತ್ತಿದ ಕಾಗದ ಬಿಚ್ಚಿ, ಬಾಲ್ಕನಿಯಲ್ಲಿ ಕೂತು, ಕಥೆಯನ್ನು ಓದಿ ಮುಗಿಸಿದ್ದಳು. ಅವಳ ಮುಖ ಹಗುರಾಗಿತ್ತು. ಗೆದ್ದೆ ಅಂದುಕೊಂಡೆ.

"ಚಂದ ಬರ್ದಿದ್ದಿ" ಎಂದಳು. "ಕತೆಯಲ್ಲಾದ್ರೂ ನನ್ನ ತಪ್ಪು ಸರಿ ಮಾಡಿದ್ದಿಯಲ್ಲ. ನಾನೂ ಹೀಗೆಯೇ ಮಾಡ್ಬೇಕಿತ್ತು."

ನನಗೆ ಅರ್ಥವಾಗಲಿಲ್ಲ. ಪತ್ರಿಕೆ ತೆಗೆದುಕೊಂಡು ಕೊನೆಯ ಪುಟ ನೋಡಿದೆ. ಅಲ್ಲಿ ಒಲೆ ತಣ್ಣಗಿತ್ತು. ಪಕ್ಕದ ಮನೆಯ ಗುಜರಾತಿ ಹೆಂಗಸೊಬ್ಬಳು ಪಾತ್ರೆಯಲ್ಲಿ ಖಿಚಡಿ ತಂದು ಎಲ್ಲರಿಗೂ ಬಡಿಸುತ್ತಿದ್ದಳು. ವಿಧವೆ ಅದನ್ನು ಮುಟ್ಟದೆ, ಗೋಡೆಯ ಕಡೆ ಮುಖ ಮಾಡಿ ಬಿಕ್ಕುತ್ತಿದ್ದಳು. ಕೆಳಗೆ ನನ್ನ ಹೆಸರು.

ಕೋಣೆಯ ಬಾಗಿಲು ಹಾಕಿಕೊಂಡು ಸಂಪಾದಕರಿಗೆ ಫೋನ್ ಮಾಡಿದೆ. ಜಗಳವಾಡಲು ಸಿದ್ಧಳಾಗಿದ್ದೆ, ಆದರೆ ಅವರು ಒಳ್ಳೆಯ ಮನುಷ್ಯ, ದನಿ ಎತ್ತುವವರಲ್ಲ. "ಮೇಡಂ, ಸಾವಿನ ಮನೇಲಿ ಒಲೆ ಹಚ್ಚಲ್ಲ. ನೀವು ಹೊರಗಡೆ ಬೆಳೆದವರು, ನಮ್ಮ ಪದ್ಧತಿ ಮರೆತಿರ್ತೀರಿ. ಓದುಗರು ನಿಮ್ಮನ್ನ ತರಾಟೆಗೆ ತಗೋಬಾರದು ಅಂತ ನಾನೇ ಸರಿ ಮಾಡಿದೆ" ಎಂದರು. ಪದ್ಧತಿ ಗೊತ್ತಿದ್ದೇ ಅವಳು ಹಚ್ಚಿದ್ದು, ಅದೇ ಕಥೆ ಎಂದೆ. ನನ್ನ ಕೊನೆಯ ಪುಟವನ್ನು ಮುಂದಿನ ಸಂಚಿಕೆಯಲ್ಲಿ ಹಾಕಿ ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ. "ಕಥೆಗೆಲ್ಲ ತಿದ್ದುಪಡಿ ಹಾಕೋ ರೂಢಿ ಇಲ್ಲ ಮೇಡಂ" ಎಂದರು.

ಅಮ್ಮನಿಗೆ ನಿಜ ಹೇಳಿದೆ. ಇದು ನಾನು ಬರೆದದ್ದಲ್ಲ, ಸಂಪಾದಕರು ಬದಲಾಯಿಸಿದ್ದು ಎಂದೆ. ನನ್ನ ಹಸ್ತಪ್ರತಿ ತಂದು ಆ ಕೊನೆಯ ಪುಟವನ್ನು ಓದಿ ಹೇಳಿದೆ. ಎರಡು ಇಡ್ಲಿಯ ಸಾಲನ್ನು ಎರಡು ಸಲ ಓದಿದೆ. ಅಮ್ಮ ಕಿವಿಗೊಟ್ಟು ಪೂರ್ತಿ ಕೇಳಿದಳು. ಆಮೇಲೆ ಪತ್ರಿಕೆಯನ್ನು ಮಡಿಲಿಗೆ ಎಳೆದುಕೊಂಡಳು.

"ಅಷ್ಟು ಓದಿದವರಿಗೂ ಅದು ತಪ್ಪೇ ಅಂತ ಕಂಡಿತು, ನೋಡು" ಎಂದಳು. "ನೀನು ಮಗಳು. ನಿಂಗೆ ಹಾಗೇ ಕಾಣ್ತದೆ."

ಆ ಪತ್ರಿಕೆ ಅವಳ ದಿಂಬಿನ ಪಕ್ಕದಲ್ಲೇ ಇತ್ತು. ಆಗಾಗ ಆ ಕೊನೆಯ ಪುಟವನ್ನು ಓದುತ್ತಿದ್ದಳು. ಅದರಿಂದ ಅವಳಿಗೆ ನೆಮ್ಮದಿ ಸಿಗುತ್ತಿತ್ತೇನೋ, ನನಗೆ ಅದನ್ನು ಕಿತ್ತು ಹರಿದು ಹಾಕುವಷ್ಟು ಸಂಕಟವಾಗುತ್ತಿತ್ತು. ಮಾಡಲಿಲ್ಲ. ಇಡ್ಲಿಯನ್ನು ಅವಳು ಕೇಳಲೂ ಇಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅಮ್ಮ ಹಾಸಿಗೆಯಿಂದ ಏಳಲಿಲ್ಲ. ಸ್ಮಶಾನದಲ್ಲಿ ಎಲ್ಲ ಮುಗಿಸಿ ಗಂಡಸರು ವಾಪಸು ಬರುವಾಗ ಮೂರು ಗಂಟೆ ದಾಟಿತ್ತು. ವಡೋದರಾದಿಂದ ಹೋಟೆಲಿನ ಆ ಏಳು ಜನರಲ್ಲಿ ಇಬ್ಬರು ಬಂದಿದ್ದರು, ಈಗ ಮುದುಕರು. ಸ್ನಾನ ಮಾಡಿ ಬಂದು ನಮ್ಮ ನಡುಮನೆಯ ಗೋಡೆಗೆ ಒರಗಿ ಕೂತರು. ಮಗಳು ಅಡುಗೆಮನೆಯಿಂದ ಇಣುಕಿ, "ಮಮ್ಮಿ, ಫ್ರಿಜ್‌ನಲ್ಲಿ ಇಡ್ಲಿ ಬ್ಯಾಟರ್ ಇದೆ. ಯಾರೂ ಏನೂ ತಿಂದಿಲ್ಲ, ಕುಛ್ ಭೀ ನಹೀ. ಮಾಡ್ಲಾ?" ಎಂದು ಕೇಳಿದಳು.

ನಡುಮನೆಯ ತುಂಬ ನೆಂಟರಿದ್ದರು. ಎಲ್ಲರೂ ನನ್ನನ್ನೇ ನೋಡಿದರು.

"ಬೇಡ" ಎಂದೆ. "ಇವತ್ತು ಒಲೆ ಹಚ್ಚಬಾರದು."

ಸ್ವಲ್ಪ ಹೊತ್ತಿಗೆ ಪಕ್ಕದ ಫ್ಲ್ಯಾಟಿನ ಗುಜರಾತಿ ಹೆಂಗಸು ಖಿಚಡಿ ತಂದಳು. ಸಂಪಾದಕರು ಬರೆದಿದ್ದ ಹಾಗೆಯೇ. ಆ ಇಬ್ಬರು ಮುದುಕರು ನನ್ನ ಮುಖವನ್ನೊಮ್ಮೆ ನೋಡಿ, ತಟ್ಟೆ ತೆಗೆದುಕೊಂಡು ತಿಂದರು. ಮಗಳು ಫ್ರಿಜ್ಜಿನಿಂದ ಹೊರಗೆ ತೆಗೆದಿಟ್ಟಿದ್ದ ಹಿಟ್ಟು ಮರುದಿನಕ್ಕೆ ಹುಳಿಯಾಗಿತ್ತು. ಸಿಂಕಿಗೆ ಸುರಿದು, ನಲ್ಲಿ ಬಿಟ್ಟೆ.